ಬಲಗಾಲಿಗೊಬ್ಬ ಏಜೆಂಟ್

ಕನ್ನಡಿಗರ ಬಲಗಾಲಿನ ಬಗ್ಗೆ ಯಾರೋ ಅಪಪ್ರಚಾರ ಮಾಡಿದ್ದಾರೆ. ಆ ಕಾಲಿಗೆ ತ್ರಾಣವಿಲ್ಲವಂತೆ, ಆಕ್ಸಿಲರೇಟರನ್ನು ಇನ್ನೊಂದಿಂಚು ಒತ್ತು ಅಂದರೆ ಸುಸ್ತಾಗಿ ಕೂತುಬಿಡುತ್ತದಂತೆ. ಇಲ್ಲದಿದ್ದರೆ ಆ ಒಂದಿಂಚನ್ನು ಕಾಲಿನ ಪರವಾಗಿ ಒತ್ತಿಕೊಡಲಿ ಎಂದು ಅಂಗೈಯಗಲದ ಡಬ್ಬಿಯೊಂದನ್ನು ಕಾರಿಗೆ ಕಟ್ಟಿಸಿಕೊಳ್ಳುವ ಜನ ನಮ್ಮ ನಡುವೆ ಯಾಕಿರುತ್ತಿದ್ದರು? ಥ್ರಾಟಲ್ ಕಂಟ್ರೋಲರ್ ಎಂದು ಅದರ ಹೆಸರು. ಥ್ರಾಟಲ್ ಬೂಸ್ಟರ್, ಪೆಡಲ್ ಟ್ಯೂನರ್ ಎಂಬ ಬಿರುದುಗಳೂ ಉಂಟು. ಬೆಲೆ ಐದಾರು ಸಾವಿರದಿಂದ ಶುರುವಾಗಿ, ಡಬ್ಬಿಯ ಮೇಲೆ ಅಚ್ಚಾದ ದೇಶದ ಹೆಸರು ದೂರವಾದಷ್ಟೂ ಏರುತ್ತಾ ಇಪ್ಪತ್ತು ಸಾವಿರ ದಾಟುತ್ತದೆ. ಹಾಕಿಸಿಕೊಂಡವರನ್ನು ಕೇಳಿ ನೋಡಿ. ‘ಗಾಡಿ ಬೇರೆಯೇ ಆಗಿಹೋಯ್ತು’ ಅನ್ನುತ್ತಾರೆ. ಸೊಸೆ ಬಂದ ಮೇಲೆ ಮಗ ಬೇರೆಯೇ ಆಗಿಹೋದ ಅನ್ನುವ ತಾಯಿಯ ದನಿಗಿಂತ ಅಲ್ಲಿ ಭಕ್ತಿ ಒಂದು ತೂಕ ಹೆಚ್ಚಿರುತ್ತದೆ, ಅಷ್ಟೇ ವ್ಯತ್ಯಾಸ.

ಈ ಕಾಯಿಲೆ ಮಾರುತಿ 800ರ ಕಾಲದಲ್ಲಿ ಇರಲಿಲ್ಲ. ಆಗ ಪೆಡಲ್ಲಿಗೂ ಎಂಜಿನ್ನಿಗೂ ನಡುವೆ ಒಂದು ತಂತಿಯ ಕೇಬಲ್ ಇತ್ತು. ನೀವು ಒತ್ತಿದಷ್ಟು ಅದು ಎಳೆಯುತ್ತಿತ್ತು, ಎಳೆದಷ್ಟು ಅತ್ತ ಕಡೆ ಗಾಳಿಯ ಬಾಗಿಲು ತೆರೆಯುತ್ತಿತ್ತು. ಕಾಲಿನ ಮಾತಿಗೆ ಎಂಜಿನ್ ಎದುರಾಡುತ್ತಿರಲಿಲ್ಲ. ಕೇಬಲ್ ಹರಿದರೆ ರಸ್ತೆಬದಿಯ ಮೆಕ್ಯಾನಿಕ್ ಅಲ್ಲೇ ಗಂಟು ಹಾಕಿ, ‘ಊರಿಗೆ ಹೋಗಿ ಹೊಸದು ಹಾಕಿಸ್ಕೊಳಿ ಸಾ’ ಎಂದು ಕಳಿಸುತ್ತಿದ್ದ.

ಈಗಿನ ಕಾರುಗಳಲ್ಲಿ ಆ ಕೇಬಲ್ ಇಲ್ಲ. ಪೆಡಲ್ಲಿನ ಬುಡದಲ್ಲಿ ಎರಡು ಸೆನ್ಸರ್‌ಗಳಿವೆ. ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡಲಿ ಅಂತ ಎರಡು. ಕಾಲು ಎಷ್ಟು ಇಳಿಯಿತು ಎಂಬುದನ್ನು ಅವು ಐದು ವೋಲ್ಟಿನೊಳಗಿನ ಲೆಕ್ಕವಾಗಿ ಇಸಿಯು ಎಂಬ ಕಂಪ್ಯೂಟರಿಗೆ ಕಳಿಸುತ್ತವೆ. ಅಂದರೆ ಇವತ್ತು ನೀವು ಪೆಡಲ್ ಒತ್ತಿದರೆ ಅದು ಬರೀ ಅರ್ಜಿ. ‘ಮಾನ್ಯರೇ, ತಾವು ದಯಮಾಡಿ ಎಂಜಿನ್ನಿನ ಶಕ್ತಿಯಲ್ಲಿ ಶೇಕಡಾ 20ರಷ್ಟನ್ನು ಮಂಜೂರು ಮಾಡಬೇಕಾಗಿ ವಿನಂತಿ.’ ಇಸಿಯು ಸಾಹೇಬರು ಅರ್ಜಿಯನ್ನು ತಿರುವಿ ನೋಡುತ್ತಾರೆ. ಎಂಜಿನ್ ಬಿಸಿ ಎಷ್ಟಿದೆ, ಯಾವ ಗೇರಿನಲ್ಲಿದೆ, ಒಮ್ಮೆಲೇ ಕೊಟ್ಟರೆ ಗೇರ್‌ಬಾಕ್ಸ್ ಹಲ್ಲು ಕಡಿಯುತ್ತದೆಯೋ, ಹೊಗೆ ಹೆಚ್ಚಾಗುತ್ತದೆಯೋ. 2020ರ ಏಪ್ರಿಲ್‌ನಿಂದ ಬಿಎಸ್ 6 ಎಂಬ ಹೊಗೆ ನಿಯಮ ಬೇರೆ ತಲೆಮೇಲೆ ಕೂತಿದೆ. ಇಷ್ಟನ್ನೆಲ್ಲ ರೆಪ್ಪೆ ಬಡಿಯುವುದರೊಳಗೆ ಪರಿಶೀಲಿಸಿ, ಕೊಡಬೇಕಾದಷ್ಟನ್ನು ಕೊಡಬೇಕಾದ ವೇಗದಲ್ಲಿ ಕೊಡುತ್ತಾರೆ. ಸರ್ಕಾರಿ ಕಚೇರಿಯ ಹೋಲಿಕೆ ಇಲ್ಲಿ ಸ್ವಲ್ಪ ಅನ್ಯಾಯ, ಒಪ್ಪುತ್ತೇನೆ. ಇವರು ಊಟಕ್ಕೆ ಎದ್ದು ಹೋಗುವುದಿಲ್ಲ.

ಸಾಹೇಬರು ಕೈಬಿಗಿ ಮಾಡುತ್ತಾರೆ ಎಂಬ ದೂರಿದೆ. ಇರಬಹುದು. ಆದರೆ ಶೋರೂಮಿಗೆ ಕಾಲಿಟ್ಟ ಗಳಿಗೆಯಲ್ಲಿ, ಕಾಫಿ ಬರುವ ಮುಂಚೆಯೇ, ‘ಮೈಲೇಜ್ ಎಷ್ಟು ಕೊಡುತ್ತೆ?’ ಎಂದು ಕೇಳಿದವರು ಯಾರು? ನಾವೇ ತಾನೇ? ಕಂಪನಿಯವರು ನಮ್ಮ ಮಾತನ್ನು ನಂಬಿ, ಪೆಡಲ್ಲಿನ ಮೊದಲ ಭಾಗವನ್ನು ಸೋಮಾರಿ ಮಾಡಿಟ್ಟು, ಲೀಟರಿಗೆ ಇನ್ನೊಂದಿಷ್ಟು ದೂರ ಹೋಗುವಂತೆ ಮಾಡಿದರು. ಮನೆಗೆ ತಂದ ಮೇಲೆ ನಮ್ಮದು ಬೇರೆ ರಾಗ: ‘ಪಿಕಪ್ ಡಲ್ಲು.’

ಇಲ್ಲಿ ಬರುತ್ತಾನೆ ನಮ್ಮ ಏಜೆಂಟ್. ಆರ್‌ಟಿಒ ಕಚೇರಿಯ ಗೇಟಿನ ಹೊರಗೆ, ಮರದಡಿ, ಸ್ಕೂಟರಿನ ಸೀಟನ್ನೇ ಮೇಜು ಮಾಡಿಕೊಂಡು ನಿಂತಿರುತ್ತಾನಲ್ಲ, ಅವನದೇ ಕುಲ. ಪೆಡಲ್ಲಿಗೂ ಸಾಹೇಬರಿಗೂ ಮಧ್ಯೆ ನಿಂತು ನಿಮ್ಮ ಅರ್ಜಿಯನ್ನು ಈಸಿಕೊಳ್ಳುತ್ತಾನೆ. ನೀವು 20 ಅಂತ ಬರೆದಿದ್ದರೆ ಅದನ್ನು ತಿದ್ದಿ 45 ಮಾಡುತ್ತಾನೆ. ಎರಡನೇ ಸೆನ್ಸರಿನ ಲೆಕ್ಕವನ್ನೂ ಅದಕ್ಕೆ ತಾಳೆಯಾಗುವಂತೆ ತಿದ್ದುತ್ತಾನೆ. ಇಲ್ಲದಿದ್ದರೆ ಸಾಹೇಬರಿಗೆ ಅನುಮಾನ ಬಂದು, ಚೆಕ್ ಎಂಜಿನ್ ದೀಪ ಹಚ್ಚಿ, ಲಿಂಪ್ ಮೋಡ್ ಎಂಬ ಅಮಾನತು ಆದೇಶ ಹೊರಡಿಸಿ, ಕಾರು ಕುಂಟುತ್ತಾ ಮನೆ ಸೇರುವಂತೆ ಮಾಡುತ್ತಾರೆ. ನೀವು 50 ಅಂತ ಬರೆದರೆ ಇವನು 80 ಅನ್ನುತ್ತಾನೆ. ನೀವು ಪೂರ್ತಿ ಒತ್ತಿ 100 ಅಂತ ಬರೆದರೆ?

ಇಲ್ಲಿ ಏಜೆಂಟ್ ತಲೆ ಕೆರೆದುಕೊಳ್ಳುತ್ತಾನೆ. ಅರ್ಜಿಯಲ್ಲಿ 100ರ ಮೇಲೆ ಕಾಲಂ ಇಲ್ಲ. ಖಜಾನೆಯಲ್ಲಿ ಇದ್ದದ್ದೇ ಅಷ್ಟು. 90 ಅಶ್ವಶಕ್ತಿಯ ಎಂಜಿನ್ ಏಜೆಂಟ್ ಬರುವ ಮುಂಚೆಯೂ 90, ಬಂದ ಮೇಲೂ 90. ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಆರ್‌ಟಿಒ ಏಜೆಂಟಿಗೆ ದುಡ್ಡು ಕೊಟ್ಟರೆ ಸರತಿಯಾದರೂ ತಪ್ಪುತ್ತದೆ. ಈ ಡಬ್ಬಿಗೆ ಸಾಹೇಬರ ಕೊಠಡಿಯೊಳಗೆ ಪ್ರವೇಶವೇ ಇಲ್ಲ. ಒಳಗಿನ ನಿಧಾನ ಒಳಗೇ ಉಳಿಯುತ್ತದೆ. ಬಾಗಿಲಲ್ಲಿ ನಿಂತು ಅರ್ಜಿಯ ಅಂಕಿಯನ್ನು ದಪ್ಪಕ್ಷರದಲ್ಲಿ ಬರೆಯುವುದೊಂದೇ ಇದರ ಕಸುಬು.

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ. ಟೌನ್‌ಹಾಲಿನಿಂದ ಮಿನರ್ವ ಸರ್ಕಲ್ ಕಡೆಗೆ ನಡೆಯುತ್ತಾ ಹೋದರೆ ಕಾರಿಗೆ ತೊಡಿಸಬಹುದಾದ ಸಕಲ ಆಭರಣಗಳೂ ಸಿಗುತ್ತವೆ. ಅಲ್ಲೊಂದು ಅಂಗಡಿಯ ಹುಡುಗನ ಜತೆ ನಡೆದ ಸಂವಾದ ಹೀಗಿತ್ತು.

‘ಇದು ಹಾಕಿದ್ರೆ ಗಾಡಿ ಕಿತ್ಕೊಂಡು ಹೋಗುತ್ತೆ ಸರ್.’

‘ಪವರ್ ಜಾಸ್ತಿ ಆಗುತ್ತೇನಪ್ಪಾ?’

‘ಪವರ್ ಅಲ್ಲ ಸರ್, ರೆಸ್ಪಾನ್ಸು.’

‘ಹಂಗಂದ್ರೆ?’

‘ಒತ್ತಿದ ತಕ್ಷಣ ಹೋಗುತ್ತೆ.’

‘ಈಗ ಒತ್ತಿದ್ರೆ ಹೋಗಲ್ವಾ?’

‘ಈಗ್ಲೂ ಹೋಗುತ್ತೆ ಸರ್. ಸ್ವಲ್ಪ ಜಾಸ್ತಿ ಒತ್ಬೇಕು.’

ಇಷ್ಟು ಸತ್ಯವಂತ ವ್ಯಾಪಾರಿಯನ್ನು ನಾನು ಬೇರೆ ಯಾವ ಅಂಗಡಿಯಲ್ಲೂ ಕಂಡಿಲ್ಲ. ಈ ಯಂತ್ರದ ಸಮಗ್ರ ತಾಂತ್ರಿಕ ಕೈಪಿಡಿ ಆ ಕೊನೆಯ ಸಾಲಿನಲ್ಲಿದೆ. ಕೈಪಿಡಿ ಬರೆಯುವ ಎಂಜಿನಿಯರುಗಳು ಇದನ್ನೇ ನಲವತ್ತು ಪುಟಕ್ಕೆ ಎಳೆಯುತ್ತಾರೆ, ನಡುವೆ ಮೂರು ಬಣ್ಣದ ಗ್ರಾಫ್ ಹಾಕುತ್ತಾರೆ.

ಡಬ್ಬಿ ಕೂರಿಸುವ ಸಮಾರಂಭವೂ ನೋಡುವಂಥದ್ದು. ಹುಡುಗ ಡ್ರೈವರ್ ಸೀಟನ್ನು ಹಿಂದಕ್ಕೆ ತಳ್ಳಿ, ತಲೆಕೆಳಗಾಗಿ ಸ್ಟೀರಿಂಗ್ ಅಡಿ ನುಸುಳುತ್ತಾನೆ. ಹೊರಗೆ ಕಾಣುವುದು ಎರಡು ಕಾಲು, ಒಂದು ಹವಾಯಿ ಚಪ್ಪಲಿ. ಇನ್ನೊಂದು ಚಪ್ಪಲಿ ರಸ್ತೆಯಲ್ಲಿ. ಬಾಯಲ್ಲಿ ಮೊಬೈಲ್ ಕಚ್ಚಿಕೊಂಡು ಅದರ ಟಾರ್ಚ್ ಬೆಳಕಲ್ಲಿ ಪೆಡಲ್ಲಿನ ತಲೆಯಿಂದ ಆರು ವೈರಿನ ಕನೆಕ್ಟರ್ ಕಿತ್ತು, ಮಧ್ಯೆ ಡಬ್ಬಿಯ ವೈರನ್ನು ಸಿಕ್ಕಿಸುತ್ತಾನೆ. ‘ಟಕ್’ ಎಂದು ಒಂದು ಸದ್ದು, ಮತ್ತೊಂದು ‘ಟಕ್’. ಮುಗಿಯಿತು. ಡಬ್ಬಿಯನ್ನು ಡಬಲ್ ಟೇಪ್ ಅಂಟಿಸಿ ಡ್ಯಾಶ್‌ಬೋರ್ಡಿನ ಗಣಪತಿಯ ಪಕ್ಕ ಪ್ರತಿಷ್ಠಾಪಿಸುತ್ತಾನೆ. ನೀಲಿ ದೀಪ ಹತ್ತುತ್ತದೆ. ಇಕೋ, ಸಿಟಿ, ಸ್ಪೋರ್ಟ್, ರೇಸ್ ಎಂದು ನಾಲ್ಕು ವರ್ಗ, ಪ್ರತಿ ವರ್ಗದಲ್ಲೂ ಮತ್ತೆ ಒಳಪಂಗಡಗಳು. ಸುಮಾರು ಹದಿನೈದು ಸಾವಿರ ರೂಪಾಯಿಗೆ ಎರಡು ‘ಟಕ್’. ಒಂದು ‘ಟಕ್ಕಿ’ಗೆ ಏಳೂವರೆ ಸಾವಿರ ಬಿತ್ತು.

ಹಾಗಾದರೆ ಹಾಕಿಸಿಕೊಂಡವರು ಸುಳ್ಳು ಹೇಳುತ್ತಾರೆಯೇ? ಇಲ್ಲ, ಅವರಿಗೆ ನಿಜವಾಗಿಯೂ ಹಾಗೆ ಅನ್ನಿಸುತ್ತದೆ. ಕಾಲನ್ನು ಹಾಗೆ ಇಟ್ಟರೆ ಸಾಕು, ಕಾರು ಜಿಗಿಯುತ್ತದೆ. ಪೆಡಲ್ಲಿನ ಮೊದಲರ್ಧದಲ್ಲೇ ಬಹುಪಾಲು ಶಕ್ತಿಯನ್ನು ಸುರಿದುಬಿಟ್ಟರೆ ಜಿಗಿಯದೆ ಇನ್ನೇನು ಮಾಡೀತು? ಉಳಿದರ್ಧ ಪೆಡಲ್ಲು ತಿಂಗಳ ಇಪ್ಪತ್ತನೇ ತಾರೀಕಿನ ನಮ್ಮ ಬ್ಯಾಂಕ್ ಖಾತೆ. ಎಷ್ಟು ಒತ್ತಿದರೂ ಹೆಚ್ಚೇನೂ ಬರುವುದಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಸಾಫ್ಟ್‌ವೇರ್ ಮಹಾಶಯರೊಬ್ಬರು ಹಾಕಿಸಿಕೊಂಡರು. ಮೊದಲ ದಿನವೇ ರೇಸ್ ಮೋಡ್. ಬೇಸ್‌ಮೆಂಟಿನಲ್ಲಿ ಕಾರನ್ನು ಒಂದಡಿ ಮುಂದೆ ಸರಿಸಲು ಹೋಗಿ, ಕಂಬದ ಮೇಲಿದ್ದ ಹಳದಿ-ಕಪ್ಪು ಪಟ್ಟೆಯನ್ನು ಬಂಪರಿಗೆ ಇಳಿಸಿಕೊಂಡರು. ಹಿಂದಿನ ಸೀಟಿನಲ್ಲಿದ್ದ ಅವರ ಅತ್ತೆಯವರು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಹೌದುಹೌದೆಂದು ತಲೆಯಾಡಿಸುವುದನ್ನು ಕಂಡು, ಅಳಿಯನ ಮಾತಿಗೆ ಇಷ್ಟು ಸಮ್ಮತಿಯೇ ಎಂದು ನಾನು ಬೆರಗಾಗಿದ್ದೆ. ‘ಸ್ವಲ್ಪ ಕಾಲು ಅಡ್ಜಸ್ಟ್ ಆಗ್ಬೇಕು ಸರ್, ಅಷ್ಟೇ’ ಅಂದರು. ಕಾಲು ಅಡ್ಜಸ್ಟ್ ಆಯಿತು. ಹೇಗೆ ಗೊತ್ತೇ? ಮುಂಚೆ ಒತ್ತುತ್ತಿದ್ದುದರ ಅರ್ಧ ಮಾತ್ರ ಒತ್ತುವುದನ್ನು ಕಾಲು ತಾನೇ ಕಲಿಯಿತು. ಕಾರು ಮೊದಲು ಹೇಗೆ ಹೋಗುತ್ತಿತ್ತೋ ಹಾಗೆಯೇ ಹೋಗತೊಡಗಿತು. ಅವರಿಗೆ ಬೇಜಾರಾಯಿತು. ‘ಎಫೆಕ್ಟ್ ಇಳಿದಿದೆ’ ಎಂದು ಒಳಪಂಗಡವನ್ನು ಇನ್ನೆರಡು ಅಂಕಿ ಏರಿಸಿದರು. ಕಾಲು ಮತ್ತೆ ಅಡ್ಜಸ್ಟ್ ಆಗುತ್ತಿದೆ. ಹೀಗೇ ಮುಂದುವರಿದರೆ ಒಂದು ದಿನ ಪೆಡಲ್ಲಿಗೆ ಕಾಲು ತಾಗಿಸದೆ, ಬರೀ ದೃಷ್ಟಿ ಹಾಯಿಸಿ ಗಾಡಿ ಓಡಿಸುವ ಸಿದ್ಧಿ ಅವರಿಗೆ ಲಭಿಸಲಿದೆ.

ಇಷ್ಟಕ್ಕೂ ಈ ಜಿಗಿತವನ್ನು ಎಲ್ಲಿ ಖರ್ಚು ಮಾಡುವುದು? ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಲ್ಲಿ, ನಗರದ ನಡುಭಾಗದ ನಿಧಾನಗತಿಯಲ್ಲಿ ಜಗತ್ತಿಗೇ ಲಂಡನ್ ಮೊದಲು, ಬೆಂಗಳೂರು ಎರಡನೆಯದು. ನಮ್ಮಲ್ಲಿ 10 ಕಿ.ಮೀ. ಸಾಗಲು 29 ನಿಮಿಷ 10 ಸೆಕೆಂಡು. ಗಂಟೆಗೆ 20 ಕಿ.ಮೀ. ಚಿಲ್ಲರೆ ಅನ್ನಿ. ಅದೇ ವರ್ಷ ಬರ್ಲಿನ್ ಮ್ಯಾರಥಾನ್‌ನಲ್ಲಿ ಕೆನ್ಯಾದ ಎಲಿಯುಡ್ ಕಿಪ್‌ಚೋಗೆ 42.195 ಕಿ.ಮೀ. ದೂರವನ್ನು 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಸರಾಸರಿ ಗಂಟೆಗೆ 20.9 ಕಿ.ಮೀ. ಆ ಮನುಷ್ಯ ಎಂ.ಜಿ. ರಸ್ತೆಯಲ್ಲಿ ಓಡಿದ್ದರೆ ನಮ್ಮ ರೇಸ್ ಮೋಡಿನವರನ್ನು ಹಿಂದೆ ಹಾಕಿ, ಕೈಬೀಸಿ, ಮುಂದಿನ ಸರ್ಕಲ್ಲಿನಲ್ಲಿ ನೀರು ಕುಡಿಯುತ್ತಾ ಕಾಯುತ್ತಿದ್ದರು. (ಅವರ ಶೂ ಓಟಕ್ಕೆ ಅನುಚಿತ ನೆರವು ಕೊಡುತ್ತದೆಂಬ ತಕರಾರು ಇದೆ ನಿಜ. ಆದರೆ ಅದಕ್ಕೆ ನೀಲಿ ದೀಪ ಇರಲಿಲ್ಲ.)

ಮೈಸೂರು ಹೆದ್ದಾರಿ ಇದೆಯಲ್ಲ ಅನ್ನುತ್ತೀರಿ. ಇದೆ. ಅಲ್ಲಿ ಮಿತಿ ಗಂಟೆಗೆ 100 ಕಿ.ಮೀ., ತಲೆಯ ಮೇಲೆ ಕ್ಯಾಮೆರಾ. 130 ದಾಟಿದರೆ ದಂಡದ ಜತೆ ಎಫ್‌ಐಆರ್ ಎಂದು 2024ರ ಆಗಸ್ಟ್‌ನಿಂದ ಜಾರಿಗೆ ತಂದಿದ್ದಾರೆ. ನೂರರಲ್ಲಿ ಸಮನಾಗಿ ಹೋಗುವಾಗ ಡಬ್ಬಿಗೆ ಕೆಲಸವೇ ಇಲ್ಲ. ಗಣಪತಿಯ ಪಕ್ಕ ಕೂತು ಮಿನುಗುತ್ತಿರುತ್ತದೆ. ಅಂತೂ ಅದರ ಪರಾಕ್ರಮಕ್ಕೆ ಉಳಿದ ರಣಭೂಮಿ ಸಿಗ್ನಲ್ ಹಸಿರಾದಲ್ಲಿಂದ ಮುಂದಿನ ಹಂಪ್‌ವರೆಗಿನ ಐವತ್ತು ಮೀಟರ್. ಆ ಐವತ್ತು ಮೀಟರಿನಲ್ಲಿ ಗೆದ್ದವರು ಹಂಪ್ ಮುಂದೆ ಜೋರಾಗಿ ಬ್ರೇಕ್ ಹಾಕುತ್ತಾರೆ. ಸೋತವರು ನಿಧಾನವಾಗಿ ಬಂದು ಪಕ್ಕದಲ್ಲೇ ನಿಲ್ಲುತ್ತಾರೆ. ಇಬ್ಬರೂ ಒಟ್ಟಿಗೆ ಮುಂದಿನ ಕೆಂಪು ದೀಪ ನೋಡುತ್ತಾರೆ.

ನಿಜವಾಗಿಯೂ ಎಂಜಿನ್ನಿನ ಶಕ್ತಿ ಕದ್ದವರು ಯಾರು ಅಂತ ಹುಡುಕಿದರೆ ಕೆಂಪೇಗೌಡರನ್ನೇ ವಿಚಾರಿಸಬೇಕಾಗುತ್ತದೆ. ಬೆಂಗಳೂರನ್ನು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಕಟ್ಟಿಬಿಟ್ಟರು. ಈ ಎತ್ತರದಲ್ಲಿ ಗಾಳಿ ತೆಳು, ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ತನ್ನ ಶಕ್ತಿಯಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಭಾಗವನ್ನು ಇಲ್ಲಿ ಕಳೆದುಕೊಳ್ಳುತ್ತದೆ. ಅದು ವಾಪಸ್ ಬೇಕಿದ್ದರೆ ಡಬ್ಬಿ ಬೇಡ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ. ಗಾಳಿ ದಪ್ಪಗಿರುತ್ತದೆ, ಎಂಜಿನ್ ಹುರುಪಿನಿಂದ ಎಳೆಯುತ್ತದೆ. ಸೆಕೆಗೆ ಒಂದಿಷ್ಟು ಕಳೆದರೂ ಲಾಭವೇ. ಮೇಲಾಗಿ ನೀರುದೋಸೆ ಸಿಗುತ್ತದೆ. ಯಾವ ಮೋಡಿನಲ್ಲೂ ಆ ಸೌಲಭ್ಯ ನಾನು ಕಂಡಿಲ್ಲ.

ಡಬ್ಬಿಯ ಭಕ್ತರ ವಾದಗಳನ್ನು ಕೇಳುವುದೂ ಒಂದು ಸುಖ. ‘ಟರ್ಬೊ ಲ್ಯಾಗ್ ಮಾಯ’ ಅನ್ನುತ್ತಾರೆ. ಎಂಜಿನ್ನಿನ ಹೊಗೆ ರಭಸದಿಂದ ಬಂದು ಟರ್ಬೊ ಚಕ್ರವನ್ನು ತಿರುಗಿಸಬೇಕು, ಅದಕ್ಕೊಂದಿಷ್ಟು ಹೊತ್ತು ಹಿಡಿಯುತ್ತದೆ. ಅರ್ಜಿಯಲ್ಲಿ ದಪ್ಪಕ್ಷರ ಬಳಸಿದ ಮಾತ್ರಕ್ಕೆ ಹೊಗೆ ಗಾಬರಿಯಾಗಿ ಓಡಿಬರುವುದಿಲ್ಲ. ‘ಮೈಲೇಜೂ ಜಾಸ್ತಿಯಾಯ್ತು’ ಅನ್ನುತ್ತಾರೆ. ಹಾಗೆ ಹೇಳಿದವರ ಕಾರು ತಿಂಗಳಲ್ಲಿ ಅರ್ಧದಷ್ಟು ದಿನ ವರ್ಕ್ ಫ್ರಮ್ ಹೋಮ್ ಇರುತ್ತದೆ. ಕೊನೆಯ ಬಾಣ: ‘ಬೇಡಾಂದ್ರೆ ಐದು ನಿಮಿಷದಲ್ಲಿ ಬಿಚ್ಚಬಹುದು.’ ಬಿಚ್ಚುವುದೂ ಹೌದು. ಸರ್ವೀಸಿಗೆ ಬಿಡುವ ಹಿಂದಿನ ರಾತ್ರಿ, ವಾರಂಟಿಗೆ ಕುತ್ತು ಬಂದೀತೆಂದು, ಬೇಸ್‌ಮೆಂಟಿನ ಕತ್ತಲಲ್ಲಿ ಅದೇ ಶೀರ್ಷಾಸನ ಹಾಕಿ ಡಬ್ಬಿ ಕಿತ್ತು ಡಿಕ್ಕಿಯ ಸ್ಟೆಪ್ನಿ ಕೆಳಗೆ ಅಡಗಿಸುತ್ತಾರೆ. ಹಗಲಲ್ಲಿ ಊರಿಗೆಲ್ಲ ತೋರಿಸಿದ ಒಡವೆ, ಸರ್ವೀಸ್ ಸೆಂಟರಿಗೆ ಹೋಗುವಾಗ ಕಳ್ಳಮಾಲು. ವಾಹನವನ್ನು ಕಂಪನಿ ಕೊಟ್ಟ ಮೂಲರೂಪದಿಂದ ಬದಲಿಸಬೇಡಿ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಒತ್ತಿ ಹೇಳಿತು. ಸದ್ಯ ನಮ್ಮ ಪೊಲೀಸರ ಕಣ್ಣು ಬೈಕುಗಳ ಸೈಲೆನ್ಸರಿನ ಮೇಲಿದೆ. ಸ್ಟೀರಿಂಗ್ ಅಡಿ ತಲೆಕೆಳಗಾಗಿ ನುಸುಳಿ ನೋಡುವುದಕ್ಕೆ ಅವರ ಹೊಟ್ಟೆಯೂ ಒಪ್ಪಬೇಕಲ್ಲ.

ಹಾಗೆಂದು ಡಬ್ಬಿಯನ್ನು ಪೂರಾ ತಳ್ಳಿಹಾಕಲಾರೆ. ಕೆಲವು ಡೀಸೆಲ್ ಆಟೊಮ್ಯಾಟಿಕ್ ಗಾಡಿಗಳ ಪೆಡಲ್ ನಿಜವಾಗಿಯೂ ಮೊದ್ದು. ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ನುಗ್ಗುವಾಗ, ಲಾರಿ ಬರುತ್ತಿರುವಾಗ, ಅದು ಯೋಚನೆ ಮಾಡುತ್ತಾ ನಿಲ್ಲುತ್ತದೆ. ಅಂಥವರಿಗೆ ಮನಸ್ಸಿಗೊಂದಿಷ್ಟು ಸಮಾಧಾನ ಸಿಗುವುದಾದರೆ ಬೇಡ ಅನ್ನಲು ನಾನ್ಯಾರು. ಹಲವು ಕಾರುಗಳಲ್ಲಿ ಇದೇ ಕೆಲಸಕ್ಕೆ ಕಂಪನಿಯೇ ಕೊಟ್ಟ ಸ್ಪೋರ್ಟ್ ಗುಂಡಿ ಇರುತ್ತದೆ ಎನ್ನುವುದನ್ನು ಮಾತ್ರ ನೆನಪಿಸುತ್ತೇನೆ. ಆ ಗುಂಡಿಯನ್ನು ಒಮ್ಮೆಯೂ ಮುಟ್ಟದೆ ಡಬ್ಬಿ ಕೊಂಡವರಿದ್ದಾರೆ. ಇನ್ನು ಸಕಲೇಶಪುರದ ತೋಟದ ದಾರಿಯಲ್ಲಿ ಜೀಪು ಓಡಿಸುವವರ ವಿಷಯ ಬೇರೆ. ಹಳ್ಳದಿಂದ ಹಳ್ಳಕ್ಕೆ ಕುಲುಕುವಾಗ ಕಾಲೂ ಕುಲುಕುತ್ತದೆ, ಕಾಲು ಕುಲುಕಿದಂತೆ ಗಾಡಿ ನೆಗೆಯುತ್ತದೆ. ಅಲ್ಲಿ ಇಕೋ ಮೋಡ್ ಹಾಕಿ ಪೆಡಲನ್ನು ಮಂದ ಮಾಡಿಕೊಂಡರೆ ಗಾಡಿ ಮರ್ಯಾದೆಯಿಂದ ಹತ್ತುತ್ತದೆ. ಹೊಸದಾಗಿ ಕಲಿಯುವ ಮಗನ ಕೈಗೆ ಕಾರು ಕೊಡುವಾಗಲೂ ಅಷ್ಟೇ. ಅಂದರೆ ವೇಗದ ಹೆಸರಲ್ಲಿ ಮಾರುವ ಈ ಡಬ್ಬಿಯ ಅತ್ಯುತ್ತಮ ಉಪಯೋಗ ಕಾರನ್ನು ನಿಧಾನ ಮಾಡುವುದು. ಅದಕ್ಕೆಂದು ಕೊಂಡ ಒಬ್ಬರನ್ನೂ ನಾನು ಕಂಡಿಲ್ಲ.

ಒಂದು ಚಮತ್ಕಾರವನ್ನು ಹೇಳದಿದ್ದರೆ ಜೆ.ಸಿ. ರಸ್ತೆಗೆ ಅನ್ಯಾಯವಾಗುತ್ತದೆ. ಅದೇ ಅಂಗಡಿಗಳಲ್ಲಿ 7ಡಿ ಮ್ಯಾಟ್ ಎಂಬ ದಪ್ಪ ಹಾಸು ಸಿಗುತ್ತದೆ. ಕಂಪನಿಯ ಮ್ಯಾಟ್ ತೆಗೆಯದೆ ಅದರ ಮೇಲೆ ಇದು, ಇದು ಕೊಳೆಯಾಗಬಾರದೆಂದು ಮೇಲೊಂದು ರಬ್ಬರ್ ಹಾಸು. ಹೀಗೆ ಅಂತಸ್ತು ಏರಿದ ಮೇಲೆ ಪೆಡಲ್ ಪೂರ್ತಿ ಕೆಳಗಿಳಿಯಲು ಜಾಗವೇ ಇರುವುದಿಲ್ಲ. ಎಂಬತ್ತೋ ಎಂಬತ್ತೈದೋ ತಲುಪುವಷ್ಟರಲ್ಲಿ ಮ್ಯಾಟಿಗೆ ತಾಗಿ ನಿಲ್ಲುತ್ತದೆ. ಆಗ ಕಾರು ನಿಜವಾಗಿಯೂ ಡಲ್ಲು! ಆಗ ಡಬ್ಬಿ ಹಾಕಿಸಿದರೆ ಎಂಬತ್ತೈದನ್ನು ನೂರು ಅಂತ ತಿದ್ದಿ, ಕಳೆದುಹೋದ ಶಕ್ತಿಯನ್ನು ನಿಜವಾಗಿಯೂ ವಾಪಸ್ ತರುತ್ತದೆ. ಮ್ಯಾಟ್ ಮಾಡಿದ ಅನ್ಯಾಯವನ್ನು ಡಬ್ಬಿ ಸರಿಪಡಿಸುತ್ತದೆ, ಎರಡಕ್ಕೂ ಬಿಲ್ ಒಂದೇ ಅಂಗಡಿಯದು. ಕೊಟ್ಟವನು ಕೋಡಂಗಿ ಅಂದದ್ದು ಸುಮ್ಮನೆ ಅಲ್ಲ. ನಗುವ ವಿಷಯವೂ ಅಲ್ಲ ಇದು. ಮ್ಯಾಟಿಗೆ ಪೆಡಲ್ ಸಿಕ್ಕಿಹಾಕಿಕೊಂಡು ಮೇಲೇಳದೆ ಹೋಗಬಹುದೆಂದು 2009ರಲ್ಲಿ ಟೊಯೊಟಾ ಅಮೆರಿಕದಲ್ಲಿ ಸುಮಾರು 38 ಲಕ್ಷ ಕಾರುಗಳ ಮಾಲೀಕರಿಗೆ, ಮೊದಲು ಮ್ಯಾಟ್ ತೆಗೆಯಿರಿ ಎಂದು ಹೇಳಬೇಕಾಯಿತು.

ನನಗೆ ಅರ್ಥವಾಗದ ಸಂಗತಿ ಬೇರೆಯದೇ. ಡಬ್ಬಿಗೆ ಚೌಕಾಸಿಯಿಲ್ಲದೆ ದುಡ್ಡು ಎಣಿಸಿದ ಅದೇ ಮಹಾಶಯರು, ‘ಬ್ರೇಕ್ ಪ್ಯಾಡ್ ಸವೆದಿದೆ ಸರ್, ಬದಲಾಯಿಸ್ಬೇಕು’ ಎಂದರೆ, ‘ಇನ್ನೊಂದು ಐದು ಸಾವಿರ ಕಿಲೋಮೀಟರ್ ಓಡ್ಲಿ ಬಿಡಪ್ಪ’ ಅನ್ನುತ್ತಾರೆ. ಏರ್ ಫಿಲ್ಟರ್ ತೆಗೆದು ತೋರಿಸಿದರೆ, ‘ಹೊಡೆದು ಧೂಳು ಕೊಡವಿ ಹಾಕು’ ಅನ್ನುತ್ತಾರೆ. ಹೋಗುವುದಕ್ಕೆ ಅವಸರ, ನಿಲ್ಲುವುದಕ್ಕೆ ಜಿಪುಣತನ.

ಆದ್ದರಿಂದ ಡಬ್ಬಿಯ ಬಗ್ಗೆ ನನ್ನ ತೀರ್ಪು: ಬೇಡ. ಗಾಡಿ ಎಳೆಯುತ್ತಿಲ್ಲ ಅನ್ನಿಸಿದರೆ ಮೇಲಿನ ಮ್ಯಾಟ್ ಕಿತ್ತು ಬಾಲ್ಕನಿಯಲ್ಲಿ ಹಾಸಿ. ಏರ್ ಫಿಲ್ಟರ್ ಬದಲಿಸಿ, ಥ್ರಾಟಲ್ ಬಾಡಿ ತೊಳೆಸಿ, ಟೈರಿನ ಗಾಳಿ ನೋಡಿಸಿ, ಓವರ್‌ಟೇಕ್ ಮಾಡುವಾಗ ಒಂದು ಗೇರು ಇಳಿಸಿ. ಅಷ್ಟಾದ ಮೇಲೂ ಆ ಹದಿನೈದು ಸಾವಿರ ಜೇಬಿನಲ್ಲಿ ಕಡಿಯುತ್ತಿದ್ದರೆ, ಒಮ್ಮೆ ಬಗ್ಗಿ ನಿಮ್ಮ ಟೈರುಗಳನ್ನು ನೋಡಿ. ಬೋಳಾಗಿದ್ದರೆ ಒಂದು ಜೊತೆ ಹೊಸದು ಹಾಕಿಸಿ. ಸಣ್ಣ ಕಾರಿಗೆ ಆ ದುಡ್ಡು ಸಾಕು, ಚಿಲ್ಲರೆ ಉಳಿದರೆ ಬ್ರೇಕ್ ಪ್ಯಾಡನ್ನೂ ಕೇಳಿ ನೋಡಿ.